ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್‌ಗೇ ಕ್ರ್ಯಾಕ್ ಹಾಕಿದ್ರೆ ಅದೂ ಕಳ್ಳತನಾನಾ? ಕಂಪನಿ ಹೆಸ್ರೇ ಬದಲಾಗಿದೆ

ಗೆರೆಗಾರ

ನಮಸ್ಕಾರ ಎಲ್ರಿಗೂ. ಒಂದು ವಾರದಿಂದ ತಲೇಲಿ ಇದೇ ಓಡ್ತಿದೆ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

2011ರಲ್ಲಿ ಒಂದು ಡ್ರಾಯಿಂಗ್ ಸಾಫ್ಟ್‌ವೇರ್ ತಗೊಂಡೆ. ಆಗ ನಂಗದು ಸಣ್ಣ ಮೊತ್ತ ಏನಲ್ಲ, ಕೂಡಿಟ್ಟು ಕೂಡಿಟ್ಟು ತಗೊಂಡಿದ್ದು. ಡಬ್ಬ, ಡಿಸ್ಕು, ಸೀರಿಯಲ್ ನಂಬರ್ ಇರೋ ಚೀಟಿ, ರಸೀದಿ, ಎಲ್ಲಾ ಇವತ್ತಿಗೂ ಜೋಪಾನವಾಗಿದೆ. ಶಾಶ್ವತ ಲೈಸೆನ್ಸ್ ಅಂತ ಡಬ್ಬದ ಮೇಲೇ ಬರ್ದಿದೆ. ಅಲ್ಲಿಂದ ಇಲ್ಲಿವರೆಗೂ ನಾನು ಬರೆದ ಗೆರೆ ಎಲ್ಲಾ ಅದರ ಫಾರ್ಮ್ಯಾಟಲ್ಲೇ ಇದೆ, ನಾನೂರು ಚಿಲ್ರೆ ಫೈಲು, ಬೇರೆ ಯಾವ ಸಾಫ್ಟ್‌ವೇರೂ ಅದನ್ನ ನೆಟ್ಟಗೆ ತೆರೆಯಲ್ಲ.

ಮಧ್ಯದಲ್ಲಿ ಆ ಕಂಪನೀನ ಇನ್ನೊಬ್ರು ಕೊಂಡ್ಕೊಂಡ್ರು. ಕೊಂಡೋರು ಸ್ವಲ್ಪ ವರ್ಷಕ್ಕೆ ತಮ್ಮ ಹೆಸ್ರನ್ನೇ ಬದಲಾಯಿಸಿದ್ರು, ಸಾಫ್ಟ್‌ವೇರ್ ಹೆಸ್ರೂ ಬೇರೆ ಆಯ್ತು. ನಂಗೇನೂ ತೊಂದ್ರೆ ಆಗಿರ್ಲಿಲ್ಲ. ಹೋದ ತಿಂಗಳು ಹಾರ್ಡ್‌ಡಿಸ್ಕ್ ಸತ್ತೋಯ್ತು. ಫೈಲಿಗೆಲ್ಲಾ ಬ್ಯಾಕಪ್ ಇತ್ತು, ಹೊಸ ಡಿಸ್ಕ್ ಹಾಕಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡ್ದೆ, ಸೀರಿಯಲ್ ನಂಬರ್ ಒತ್ತಿದೆ, ಅದನ್ನ ಪರೀಕ್ಷಿಸೋ ಕಂಪನಿ ಸರ್ವರ್ ಸಿಗ್ತಿಲ್ಲ ಅಂತು. ಮೂರು ದಿನ ಅದೇ ಕಥೆ. ಸಪೋರ್ಟ್‌ಗೆ ಬರ್ದೆ. ಬಂದ ಉತ್ತರ ಏನು ಗೊತ್ತಾ, ಆ ಹೆಸರಿನ ಪ್ರಾಡಕ್ಟ್ ನಮ್ಮತ್ರ ಇಲ್ಲ, ಹಳೇ ಆಕ್ಟಿವೇಶನ್ ಸರ್ವರ್ ನಿಲ್ಲಿಸಿಯಾಗಿದೆ, ತಿಂಗಳ ಚಂದಾ ತಗೊಳಿ ಅಂತ.

ಗೆಳೆಯನೊಬ್ಬ ಕೀಜೆನ್ ಕಳ್ಸಿದಾನೆ, ಅಂದ್ರೆ ಸುಳ್ಳು ಸೀರಿಯಲ್ ನಂಬರ್ ಹುಟ್ಟಿಸಿ ಬೀಗ ಒಡೆಯೋ ಕ್ರ್ಯಾಕು. ಎರಡು ನಿಮಿಷದ ಕೆಲಸ. ಆದ್ರೆ ನಾನು ಇಷ್ಟು ವರ್ಷದಲ್ಲಿ ಒಂದು ಸಾಫ್ಟ್‌ವೇರನ್ನೂ ಕದ್ದು ಬಳಸಿದವನಲ್ಲ. ಕೈ ಬರ್ತಿಲ್ಲ. ಇದು ಪೈರಸಿನಾ ಅಲ್ವಾ, ನಿಜವಾಗ್ಲೂ ಏನನ್ಸುತ್ತೆ ಹೇಳಿ.

ಮೂರನೇಬೆಂಚು

ಅಲ್ಲ. ದುಡ್ಡು ಕೊಟ್ಟಿದೀರಿ, ಹಾಕ್ಕೊಳಿ, ಕೆಲಸ ನೋಡಿ.

ಲೆಕ್ಕದಪುಸ್ತಕ

ಅಷ್ಟು ಸುಲಭ ಅಲ್ಲ ಮೂರನೇಬೆಂಚು ಅವ್ರೇ. ಇಲ್ಲಿ ಎರಡು ಪ್ರಶ್ನೆ ಇದೆ, ಎರಡನ್ನೂ ಒಟ್ಟಿಗೆ ಕಲಸ್ಬೇಡಿ. ತಪ್ಪಾ ಅನ್ನೋದೊಂದು, ಕಾನೂನು ಪ್ರಕಾರ ಏನು ಅನ್ನೋದು ಇನ್ನೊಂದು. ಕಾನೂನಿನ ಕಡೆಯಿಂದ ನೋಡಿದ್ರೆ ಗೆರೆಗಾರ ಅವ್ರು ಸಾಫ್ಟ್‌ವೇರ್ ಕೊಂಡಿದೀನಿ ಅಂದ್ಕೊಂಡಿದಾರೆ, ಕಂಪನಿ ಮಾತ್ರ ನಾವು ಮಾರೇ ಇಲ್ಲ, ಬಳಸೋಕೆ ಅನುಮತಿ ಕೊಟ್ಟಿದ್ವಿ ಅಷ್ಟೇ ಅನ್ನುತ್ತೆ. 2010ರಲ್ಲಿ ಅಮೆರಿಕದ ಒಂಬತ್ತನೇ ಸರ್ಕಿಟ್ ಕೋರ್ಟು ಆಟೋಡೆಸ್ಕ್ ಕೇಸಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಒಬ್ರು ಹಳೇ ಆಟೋಕ್ಯಾಡ್ ಡಿಸ್ಕುಗಳನ್ನ ಆನ್‌ಲೈನಲ್ಲಿ ಮಾರಕ್ಕೆ ಇಟ್ಟಿದ್ರು, ಅದು ಲೈಸೆನ್ಸ್, ಮಾಲೀಕತ್ವ ಅಲ್ಲ, ಮಾರೋ ಹಾಗಿಲ್ಲ ಅಂತ ತೀರ್ಪು ಬಂತು. ಎರಡೇ ವರ್ಷಕ್ಕೆ, 2012ರ ಜುಲೈನಲ್ಲಿ, ಯುರೋಪಿನ ಕೋರ್ಟು ಯೂಸ್ಡ್‌ಸಾಫ್ಟ್ ಮತ್ತೆ ಒರಾಕಲ್ ಕೇಸಲ್ಲಿ ಪೂರ್ತಿ ಉಲ್ಟಾ ಹೇಳ್ತು. ಒಂದ್ಸಲ ದುಡ್ಡು ತಗೊಂಡು ಅವಧಿ ಇಲ್ಲದ ಲೈಸೆನ್ಸ್ ಕೊಟ್ರೆ ಅದು ಮಾರಾಟಾನೇ, ಕೊಂಡೋನು ತನ್ನ ಪ್ರತಿ ಅಳಿಸಿ ಬೇರೆಯವರಿಗೆ ಮಾರಬಹುದು ಅಂತ. ಅದೇ ಡಬ್ಬ, ಅದೇ ಕಾಗದ, ಸಮುದ್ರದ ಈಚೆ ದಡದಲ್ಲಿ ಒಂದರ್ಥ, ಆಚೆ ದಡದಲ್ಲಿ ಇನ್ನೊಂದು.

ಒಂಟಿಕೋಡರ್

ನಾನು ಇನ್ನೊಂದು ಕಡೆಯಿಂದ ಮಾತಾಡ್ತೀನಿ, ಬೇಜಾರು ಮಾಡ್ಕೊಬೇಡಿ.

ನಾನೊಬ್ಬನೇ ಕೂತು ಒಂದು ಸಣ್ಣ ಸಾಫ್ಟ್‌ವೇರ್ ಬರೆದು ಮಾರ್ತಿದ್ದೆ, ಫೋಟೋ ಜೋಡಿಸಿಡೋದು. ಎರಡೂವರೆ ವರ್ಷದ ಕೆಲಸ. ಬಿಟ್ಟು ಆರು ವಾರಕ್ಕೆ ಕ್ರ್ಯಾಕ್ ಬಂತು. ಒಂದೇ ಸೀರಿಯಲ್ ನಂಬರ್ ಇಟ್ಕೊಂಡು ಸಾವಿರಾರು ಮಷೀನು ಅಪ್‌ಡೇಟ್ ಕೇಳ್ತಾ ಬರೋದು, ನಾನು ಲಾಗ್ ನೋಡ್ತಾ ಕೂರ್ತಿದ್ದೆ. ಅದಕ್ಕಿಂತ ನೋವಾಗಿದ್ದು ಅಂದ್ರೆ ಅವರಲ್ಲೇ ಎಷ್ಟೋ ಜನ ನಂಗೇ ಮೇಲ್ ಹಾಕಿ ಈ ಬಗ್ ಸರಿ ಮಾಡಿ ಅಂತಿದ್ರು, ಸರಿ ಮಾಡ್ಲಿಲ್ಲ ಅಂದ್ರೆ ಬೈತಿದ್ರು. ನಾನು ಕೊನೆಗೆ ಬಿಟ್ಟುಬಿಟ್ಟೆ, ಈಗ ಇನ್ನೊಬ್ರತ್ರ ಸಂಬಳಕ್ಕಿದೀನಿ.

ಗೆರೆಗಾರ ಅವ್ರು ಮಾಡ್ತಿರೋದು ಅದಲ್ಲ, ಗೊತ್ತು. ಅವ್ರ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ಒಂದ್ಸಲ ಹಾಕ್ಕೊಳಿ ಕೆಲಸ ನೋಡಿ ಅನ್ನೋ ಮಾತು ಇದ್ಯಲ್ಲ, ಅದನ್ನೇ ಎಲ್ರೂ ತಮ್ಮತಮ್ಮ ಅನುಕೂಲಕ್ಕೆ ಹೇಳ್ಕೊಳೋದು. ಕಂಪನಿ ದೊಡ್ಡದು ಅವ್ರಿಗೇನು ನಷ್ಟ ಅಂತ ಒಬ್ಬ, ನಾನಿನ್ನೂ ಕಲೀತಿದೀನಿ ಅಂತ ಇನ್ನೊಬ್ಬ. ಎಲ್ರ ಹತ್ರನೂ ಒಂದೊಂದು ಕಾರಣ ಇರುತ್ತೆ.

ಮೂರನೇಬೆಂಚು

ಒಂಟಿಕೋಡರ್ ಅಣ್ಣ, ನಿಮ್ಮ ವಿಷ್ಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ಇವ್ರು ದುಡ್ಡು ಕೊಟ್ಟಿದಾರಲ್ಲ? ನೀವು ಕಳಕೊಂಡಿದ್ದು ಬರಬೇಕಾದ ದುಡ್ಡು. ಇಲ್ಲಿ ಕಂಪನಿಗೆ ಬರಬೇಕಾದ ದುಡ್ಡು 2011ರಲ್ಲೇ ಬಂದಿದೆ. ಕಳಕೊಂಡಿರೋದು ಇವ್ರು.

ಹಳೇಫ್ಲಾಪಿ

ಈ ಜಗಳ ಹೊಸದಲ್ಲ ಕಣ್ರಪ್ಪ. 1976ರ ಫೆಬ್ರವರೀಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಅಂತ ಒಂದು ಬಹಿರಂಗ ಪತ್ರ ಬರೆದ್ರು. ಆಲ್ಟೇರ್ ಅನ್ನೋ ಕಂಪ್ಯೂಟರ್‌ಗೆ ಅವ್ರು ಬರೆದ ಬೇಸಿಕ್ ಅನ್ನೋ ಸಾಫ್ಟ್‌ವೇರಿನ ಪೇಪರ್ ಟೇಪ್‌ಗಳು ಕ್ಲಬ್‌ಗಳಲ್ಲಿ ಕೈಯಿಂದ ಕೈಗೆ ನಕಲಾಗಿ ಓಡಾಡ್ತಿದ್ವು. ಆಲ್ಟೇರ್ ಇಟ್ಕೊಂಡಿರೋರಲ್ಲಿ ಶೇಕಡ 10ಕ್ಕಿಂತ ಕಮ್ಮಿ ಜನ ಬೇಸಿಕ್ ಕೊಂಡಿದಾರೆ, ನೀವು ಬಹಳ ಜನ ಕದೀತಿದೀರಿ ಅಂತ ಮುಖಕ್ಕೆ ಹೊಡೆದ ಹಾಗೆ ಬರೆದಿದ್ರು. ಒಂಟಿಕೋಡರ್ ಅವ್ರು ಬರೆದಿದ್ದು ಓದಿದಾಗ ನಂಗೆ ಆ ಪತ್ರಾನೇ ನೆನಪಾಯ್ತು, ಅದೇ ದನಿ.

ಆ ಪತ್ರದ ಕೆಳಗೆ ಕಂಪನಿ ಹೆಸ್ರು ನಡುವೆ ಅಡ್ಡಗೆರೆ ಇಟ್ಟು ಮೈಕ್ರೊ-ಸಾಫ್ಟ್ ಅಂತ ಇದೆ. ಹೆಸ್ರು ಬದಲಾಗೋ ವಿಷ್ಯ ಬಂತಲ್ಲ ಅದಕ್ಕೆ ಹೇಳ್ದೆ. ಅಡ್ಡಗೆರೆ ಹೋಯ್ತು, ವಾದ ಹಾಗೇ ಉಳೀತು.

ಬೈಟುಬಾವಿ

ಕದಿಯೋದು ಅನ್ನೋ ಪದಾನೇ ತಪ್ಪು. ಕದ್ರೆ ನಿಮ್ಮತ್ರ ಇದ್ದಿದ್ದು ಇಲ್ಲದ ಹಾಗಾಗುತ್ತೆ, ನಕಲು ಮಾಡಿದ್ರೆ ಇಬ್ರತ್ರನೂ ಇರುತ್ತೆ. 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಡೌಲಿಂಗ್ ಕೇಸಲ್ಲಿ ಹೇಳಿದೆ, ಕಾಪಿರೈಟ್ ಮುರಿದು ಮಾಡಿದ ಪ್ರತಿಗಳು ಕಳ್ಳಮಾಲಿನ ಕಾನೂನಿನೊಳಗೆ ಬರಲ್ಲ ಅಂತ. ಪೈರಸಿ ಅನ್ನೋ ಪದಾನೂ ಅಷ್ಟೇ, ಹಡಗು ಲೂಟಿ ಮಾಡಿ ಜನರನ್ನ ಕೊಲ್ಲೋರನ್ನ, ಒಂದು ಫೈಲ್ ಕಾಪಿ ಮಾಡೋರನ್ನ ಒಂದೇ ತಕ್ಕಡೀಲಿ ತೂಗ್ತಾರೆ.

ಒಂಟಿಕೋಡರ್

ಬೈಟುಬಾವಿ, ಪದ ಯಾವುದಾದ್ರೂ ಇಟ್ಕೊಳಿ. ನನ್ನ ಎರಡೂವರೆ ವರ್ಷ ವಾಪಸ್ ಬರಲ್ಲ.

ಬೈಟುಬಾವಿ

ಅದನ್ನ ನಾನು ಅಲ್ಲಗಳೀತಿಲ್ಲ. ತಪ್ಪಲ್ಲ ಅಂತ ನಾನು ಹೇಳೇ ಇಲ್ಲ, ಕಳ್ಳತನ ಅಲ್ಲ, ಬೇರೆ ಥರದ ತಪ್ಪು ಅಂದೆ. ಪದ ಸರಿ ಇಲ್ದಿದ್ರೆ ಗೆರೆಗಾರ ಅವ್ರಂಥೋರು ಸುಮ್ಸುಮ್ನೆ ಕಳ್ಳ ಅನ್ನೋ ಹೆಸ್ರು ಹೊತ್ಕೊಂಡು ಒಂದು ವಾರ ನಿದ್ದೆ ಕೆಡಿಸ್ಕೊಳ್ತಾರೆ, ನೋಡಿ ಮೇಲೆ.

ನೆಟ್‌ವರ್ಕ್‌ಗೆಳತಿ

ನೀವೆಲ್ಲಾ ಧರ್ಮ ಕಾನೂನು ಅಂತ ಮಾತಾಡ್ತಿದೀರಿ, ನಾನು ಬೇರೆ ಹೇಳ್ತೀನಿ. ಗೆರೆಗಾರ ಸಾರ್, ಆ ಕೀಜೆನ್ ದಯವಿಟ್ಟು ಓಡಿಸ್ಬೇಡಿ. ನಿಮಗೆ ಹಕ್ಕಿದ್ಯೋ ಇಲ್ವೋ ಆಮೇಲಿನ ಮಾತು, ಆ ಫೈಲಲ್ಲಿ ಏನಿದೆ ಅಂತ ನಿಮ್ಮ ಗೆಳೆಯರಿಗೂ ಗೊತ್ತಿರಲ್ಲ. ಆಂಟಿವೈರಸ್ ಆಫ್ ಮಾಡಿ ಅಡ್ಮಿನ್ ಆಗಿ ಓಡ್ಸಿ ಅಂತ ಜೊತೇಲಿ ಒಂದು ಟೆಕ್ಸ್ಟ್ ಫೈಲ್ ಇರುತ್ತೆ, ಜನ ಅದನ್ನ ನಂಬಿ ಹಾಗೇ ಮಾಡ್ತಾರೆ. ನಾನು ಕೆಲಸ ಮಾಡೋ ಜಾಗದಲ್ಲಿ ಫೈಲಿಗೆಲ್ಲಾ ಬೀಗ ಹಾಕಿ ದುಡ್ಡು ಕೇಳೋ ರ್‍ಯಾನ್ಸಮ್‌ವೇರ್ ಬಂದ ಎರಡು ಮಷೀನಿಗೂ ದಾರಿ ಮಾಡಿಕೊಟ್ಟಿದ್ದು ಕ್ರ್ಯಾಕ್ ಫೈಲೇ.

ಕಂಪ್ಯೂಟರ್ ಗೊತ್ತಿರೋರಿಗೆ ಹಾಗಾಗಲ್ಲ ಅನ್ಕೊಬೇಡಿ. 2015ರ ಸೆಪ್ಟೆಂಬರಲ್ಲಿ ಎಕ್ಸ್‌ಕೋಡ್‌ಘೋಸ್ಟ್ ಅಂತ ಬಂತಲ್ಲ, ಅಲ್ಲಿ ಮೋಸ ಹೋಗಿದ್ದು ಪ್ರೋಗ್ರಾಮರ್‌ಗಳೇ. ಆ್ಯಪ್ ಕಟ್ಟೋ ಆಪಲ್‌ನ ಎಕ್ಸ್‌ಕೋಡ್ ಟೂಲು ಪುಕ್ಕಟೆನೇ ಸಿಗುತ್ತೆ, ಆದ್ರೆ ಚೀನಾದಲ್ಲಿ ಆಪಲ್ ಸರ್ವರಿಂದ ಇಳಿಸೋದು ನಿಧಾನ ಅಂತ ಬೇರೆ ಕಡೆ ಹಾಕಿದ್ದ ಪ್ರತಿ ಇಳಿಸ್ಕೊಂಡ್ರು. ಅದರಲ್ಲಿ ವಿಷ ಬೆರೆಸಿದ್ರು. ಆ ಟೂಲಲ್ಲಿ ಕಟ್ಟಿದ ಆ್ಯಪ್‌ಗಳಿಗೆಲ್ಲಾ ಅದು ಅಂಟ್ಕೊಳ್ತು, ವೀಚಾಟ್‌ನಂಥ ದೊಡ್ಡ ಆ್ಯಪ್‌ನ ಒಂದು ಆವೃತ್ತಿ ಕೂಡ ಸಿಕ್ಕಿಹಾಕ್ಕೊಳ್ತು. ದುಡ್ಡು ಉಳಿಸಕ್ಕೂ ಅಲ್ಲ, ಬರೀ ಟೈಮ್ ಉಳಿಸಕ್ಕೆ ಹೋಗಿ.

ಗೆರೆಗಾರ

ನೆಟ್‌ವರ್ಕ್‌ಗೆಳತಿ ಮೇಡಂ, ಇದು ನನ್ನ ತಲೆಗೇ ಬಂದಿರ್ಲಿಲ್ಲ. ಫೈಲ್ ಅಳಿಸಿದೆ. ಥ್ಯಾಂಕ್ಸ್.

ಆದ್ರೂ ಪ್ರಶ್ನೆ ಹಾಗೇ ಇದೆ. ಕಂಪನಿ ಹೆಸ್ರು ಬದಲಾದ ತಕ್ಷಣ ಹಳೇ ಮಾತಿಗೆ ನಾವು ಬದ್ಧರಲ್ಲ ಅನ್ನಬಹುದಾ? ನನ್ನ ಹೆಸ್ರು ಬದಲಾಯಿಸ್ಕೊಂಡ್ರೆ ನನ್ನ ಸಾಲ ಮನ್ನಾ ಆಗುತ್ತಾ?

ಲೆಕ್ಕದಪುಸ್ತಕ

ಆಗಲ್ಲ. ಇದು ತುಂಬಾ ಜನಕ್ಕೆ ಗೊಂದಲ ಇರೋ ಜಾಗ, ಬಿಡಿಸಿ ಹೇಳ್ತೀನಿ.

ಬರೀ ಹೆಸ್ರು ಬದಲಾದ್ರೆ ಕಾನೂನಿನ ಕಣ್ಣಲ್ಲಿ ಅದು ಅದೇ ಕಂಪನಿ. ಹಳೇ ಕರಾರು, ಹಳೇ ಸಾಲ, ಹಳೇ ಲೈಸೆನ್ಸ್ ಎಲ್ಲಾ ಹಾಗೇ ಮುಂದುವರಿಯುತ್ತೆ. ಷೇರು ಕೊಂಡು ಕಂಪನೀನ ಇಡಿಯಾಗಿ ತಗೊಂಡ್ರೂ ಅಷ್ಟೇ, ಒಳಗಿನ ಸಂಸ್ಥೆ ಅದೇ ಇರುತ್ತೆ, ಮಾಲೀಕರಷ್ಟೇ ಬೇರೆ. ಪೇಚಾಟ ಶುರುವಾಗೋದು ಆಸ್ತಿ ಮಾತ್ರ ಕೊಂಡಾಗ. ಅಂದ್ರೆ ಕಂಪನಿ ಬೇಡ, ಅದರ ಸೋರ್ಸ್ ಕೋಡ್ ಅಂದ್ರೆ ಪ್ರೋಗ್ರಾಮಿನ ಮೂಲ ಬರಹ, ಟ್ರೇಡ್‌ಮಾರ್ಕ್, ಗಿರಾಕಿಗಳ ಪಟ್ಟಿ ಇಷ್ಟು ಕೊಡಿ ಅಂತ ತಗೊಳೋದು. ಆಗ ಯಾವ ಹೊಣೆ ಬಂತು, ಯಾವುದು ಹಳೇ ಕಂಪನಿ ಜೊತೇಲೇ ಮುಳುಗಿತು ಅನ್ನೋದು ಆ ಒಪ್ಪಂದದಲ್ಲಿ ಏನು ಬರ್ದಿದೆ ಅನ್ನೋದರ ಮೇಲೆ. ಹಳೇ ಸಂಸ್ಥೆ ಖಾಲಿ ಡಬ್ಬ ಆಗಿ ಎಲ್ಲೋ ಇರುತ್ತೆ, ನಿಮ್ಮ ಕರಾರು ಆ ಡಬ್ಬದ ಜೊತೆ ಇರುತ್ತೆ.

ಅದಕ್ಕೆ ಗೆರೆಗಾರ ಅವ್ರು ಮೊದಲು ಕೇಳಬೇಕಾಗಿದ್ದು ಸಪೋರ್ಟ್‌ನವ್ರನ್ನಲ್ಲ. ಹಳೇ ಕಂಪನಿ ಯಾವ ರೀತಿ ಮಾರಾಟ ಆಯ್ತು, ಲೈಸೆನ್ಸ್ ಕರಾರುಗಳು ನಿಮಗೆ ವರ್ಗ ಆಗಿದಾವಾ ಅಂತ ಹೊಸ ಕಂಪನಿಯ ಲೀಗಲ್ ವಿಭಾಗಕ್ಕೆ ಬರವಣಿಗೇಲಿ ಕೇಳಿ. ರಸೀದಿ ಸ್ಕ್ಯಾನ್ ಹಾಕಿ. ಆಫ್‌ಲೈನ್ ಆಕ್ಟಿವೇಶನ್ ಕೋಡ್ ಕೊಡಿ ಅಂತ ಸ್ಪಷ್ಟವಾಗಿ ಕೇಳಿ.

ಕಡತದಮನೆ

ಉಲ್ಟಾ ಕಡೆನೂ ಆಗುತ್ತೆ ಇದು. ನಮ್ಮ ಆಫೀಸ್ ಹೆಸ್ರು ಬದಲಾಯ್ತು, ಎರಡು ಸಂಸ್ಥೆ ಸೇರಿ ಒಂದಾಗಿ ಹೊಸ ಹೆಸ್ರು ಇಟ್ಕೊಂಡ್ವಿ. ಆರು ತಿಂಗಳಿಗೆ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಆಡಿಟ್ ನೋಟಿಸ್ ಬಂತು. ಲೈಸೆನ್ಸ್ ಇರೋದು ಹಳೇ ಸಂಸ್ಥೆ ಹೆಸ್ರಲ್ಲಿ, ವಿಲೀನ ಅಂದ್ರೆ ವರ್ಗಾವಣೆ, ನಮ್ಮ ಒಪ್ಪಿಗೆ ಇಲ್ಲದೆ ವರ್ಗಾವಣೆ ಮಾಡೋ ಹಾಗಿಲ್ಲ ಅಂತ ಕರಾರಲ್ಲಿದೆ, ಆದ್ರಿಂದ ನೀವು ಇಷ್ಟು ದಿನ ಲೈಸೆನ್ಸ್ ಇಲ್ಲದೇ ಬಳಸಿದ ಹಾಗಾಯ್ತು ಅಂತ. ಅದೇ ಕುರ್ಚಿ, ಅದೇ ಜನ, ಅದೇ ಕಂಪ್ಯೂಟರ್. ನಾನು ಹದಿನೆಂಟು ದಿನ ಕೂತು ಹಳೇ ಪರ್ಚೇಸ್ ಆರ್ಡರ್ ಎಲ್ಲಾ ಕೆದಕಿ ತೆಗ್ದೆ, ಒಂದು ಕಾಗದ ಕಮ್ಮಿ ಬಿದ್ದಿದ್ರೂ ದಂಡ ಕಟ್ಟಬೇಕಿತ್ತು. ಯಾರ ಆಫೀಸಲ್ಲಾದ್ರೂ ಹೆಸ್ರು ಬದಲಾಗೋ ಮಾತು ಎದ್ರೆ ಮೊದಲು ಲೈಸೆನ್ಸ್ ಕಾಗದ ಎಲ್ಲಾ ಒಂದು ಕಡೆ ಸೇರ್ಸಿ, ಬೋರ್ಡ್ ಬರೆಸೋದು ಆಮೇಲೆ.

ಮೂರನೇಬೆಂಚು

ಅಂದ್ರೆ ಅವ್ರು ಹೆಸ್ರು ಬದಲಾಯಿಸಿದ್ರೆ ನಮ್ಮ ಲೈಸೆನ್ಸ್ ಹೋಗುತ್ತೆ, ನಾವು ಬದಲಾಯಿಸಿದ್ರೂ ನಮ್ಮದೇ ಹೋಗುತ್ತೆ.

ಹಳೇಫ್ಲಾಪಿ

ಮೊದಲು ಹೀಗಿರ್ಲಿಲ್ಲ ಅನ್ನೋದೇ ನನ್ನ ಸಂಕಟ. ಬೋರ್ಲೆಂಡ್ ಅಂತ ಒಂದು ಕಂಪನಿ, 1983ರಲ್ಲಿ ಟರ್ಬೊ ಪಾಸ್ಕಲ್ ಅನ್ನೋ ಪ್ರೋಗ್ರಾಮಿಂಗ್ ಟೂಲ್ ಬಿಟ್ಟೋರು. ಅವ್ರ ಲೈಸೆನ್ಸ್ ಕಾಗದ ಒಂದು ಕಾಲದಲ್ಲಿ ಹೆಸರುವಾಸಿ. ಈ ಸಾಫ್ಟ್‌ವೇರನ್ನ ಒಂದು ಪುಸ್ತಕದ ಥರ ನೋಡಿ ಅಂತ ಅದರ ಸಾರ. ಪುಸ್ತಕ ಹೇಗೆ ಇವತ್ತು ನೀವು ಓದಿ ನಾಳೆ ಇನ್ನೊಬ್ರಿಗೆ ಕೊಡ್ತೀರೋ, ಹಾಗೇ ಎಷ್ಟು ಜನ ಬೇಕಾದ್ರೂ ಬಳಸಿ, ಯಾವ ಕಂಪ್ಯೂಟರಿಗೆ ಬೇಕಾದ್ರೂ ಹಾಕಿ, ಆದ್ರೆ ಒಂದೇ ಹೊತ್ತಲ್ಲಿ ಎರಡು ಕಡೆ ಓಡಬಾರದು, ಯಾಕಂದ್ರೆ ಒಂದೇ ಪುಸ್ತಕಾನ ಇಬ್ರು ಎರಡು ಜಾಗದಲ್ಲಿ ಕೂತು ಒಟ್ಟಿಗೆ ಓದಕ್ಕಾಗಲ್ಲ. ವಕೀಲರು ಬೇಡ, ಓದಿದ ತಕ್ಷಣ ಅರ್ಥ ಆಗುತ್ತೆ. ಜನ ಆ ಮಾತಿಗೆ ಮರ್ಯಾದೆ ಕೊಡ್ತಿದ್ರು, ನಾನಂತೂ ಕೊಟ್ಟೆ.

ಆ ಕಂಪನಿ ಹೆಸ್ರಿನ ಕಥೆ ಕೇಳಿ ಈಗ. 1998ರಲ್ಲಿ ಇನ್‌ಪ್ರೈಸ್ ಅಂತ ಬದಲಾಯಿಸ್ಕೊಂಡ್ರು, 2001ರಲ್ಲಿ ವಾಪಸ್ ಬೋರ್ಲೆಂಡ್ ಆದ್ರು. ಡೆಲ್ಫಿ ಮುಂತಾದ ಟೂಲ್ಸ್‌ಗಳನ್ನ ಕೋಡ್‌ಗಿಯರ್ ಅಂತ ಬೇರೆ ಮಾಡಿ 2008ರಲ್ಲಿ ಎಂಬಾರ್ಕಡೆರೊಗೆ ಮಾರಿದ್ರು. ಉಳಿದ ಬೋರ್ಲೆಂಡನ್ನ 2009ರಲ್ಲಿ ಮೈಕ್ರೊ ಫೋಕಸ್ ತಗೊಳ್ತು, ಅದನ್ನ 2023ರಲ್ಲಿ ಓಪನ್‌ಟೆಕ್ಸ್ಟ್ ತಗೊಳ್ತು. ಡೆಲ್ಫಿ ಕೊಂಡವನೊಬ್ಬ ತನ್ನ ಲೈಸೆನ್ಸ್‌ಗೆ ಯಾರ ಬಾಗಿಲು ತಟ್ಟಬೇಕು ಅಂತ ವರ್ಷ ವರ್ಷ ವಿಳಾಸ ಹುಡುಕ್ತಾ ಇರಬೇಕು. ಒಂದು ಒಳ್ಳೇದು ಮಾಡಿದ್ರು, ಟರ್ಬೊ ಪಾಸ್ಕಲ್‌ನ 1.0, 3.02, 5.5 ಹಳೇ ಆವೃತ್ತಿಗಳನ್ನ ಆಮೇಲೆ ಪುಕ್ಕಟೆ ಇಳಿಸ್ಕೊಳಕ್ಕೆ ಬಿಟ್ರು.

ಅಕ್ಷರಪ್ರಿಯೆ

ಗೆರೆಗಾರ ಅವ್ರಿಗಾಗಿದ್ದೇ ಅಡೋಬಿಯಲ್ಲೂ ಆಗಿತ್ತು, ಆದ್ರೆ ಅಲ್ಲಿ ದಾರಿ ಬಿಟ್ರು. 2012ರ ಡಿಸೆಂಬರಲ್ಲಿ ಸಿಎಸ್2 ಅನ್ನೋ, ಫೋಟೋಶಾಪ್ ಎಲ್ಲಾ ಇರೋ ಹಳೇ ಕಟ್ಟಿನ ಆಕ್ಟಿವೇಶನ್ ಸರ್ವರ್ ನಿಲ್ಲಿಸಿದಾಗ, ಸರ್ವರ್ ಕೇಳದೇ ಇರೋ ಇನ್‌ಸ್ಟಾಲರು ಮತ್ತೆ ಸೀರಿಯಲ್ ನಂಬರ್ ಎರಡನ್ನೂ ತಮ್ಮ ಸೈಟಲ್ಲೇ ಹಾಕಿದ್ರು. ಫೋಟೋಶಾಪ್ ಪುಕ್ಕಟೆ ಅಂತ ಊರೆಲ್ಲಾ ಸುದ್ದಿ ಆಗಿ ಲಗ್ಗೆ ಇಟ್ರು ಜನ, ಆಮೇಲೆ ಕಂಪನಿ ಇದು ಮೊದಲೇ ಕೊಂಡವ್ರಿಗೆ ಮಾತ್ರ ಅಂತ ಸ್ಪಷ್ಟನೆ ಕೊಡ್ತು. ಅಂದ್ರೆ ನೋಡಿ, ಕೆಲಸ ಅಸಾಧ್ಯ ಏನಲ್ಲ. ಕೊನೇ ಸಲ ಬೀಗ ತೆಗೆದು ಕೈ ತೊಳ್ಕೊಂಡ್ರೆ ಆಯ್ತು. 2013ರಲ್ಲಿ ಅವ್ರು ಹೊಸ ಫೋಟೋಶಾಪ್ ಇನ್ಮೇಲೆ ಬರೀ ಚಂದಾ ಅಂದ್ರು, ಅದು ಬೇರೆ ಬೇಜಾರು, ಸಿಎಸ್6 ಆದ್ಮೇಲೆ ಅದಕ್ಕೆ ಶಾಶ್ವತ ಲೈಸೆನ್ಸ್ ಬರ್ಲೇ ಇಲ್ಲ.

ಪೆಂಗ್ವಿನ್‌ಪ್ರೀತಿ

ಇದಕ್ಕೇ ನಾನು ಓಪನ್ ಸೋರ್ಸ್, ಅಂದ್ರೆ ಸೋರ್ಸ್ ಕೋಡ್ ಎಲ್ರಿಗೂ ಮುಕ್ತವಾಗಿ ಸಿಗೋ ಸಾಫ್ಟ್‌ವೇರ್, ಬಿಟ್ಟು ಬೇರೆ ಮುಟ್ಟಲ್ಲ. 3ಡಿ ಚಿತ್ರ ಮಾಡೋ ಬ್ಲೆಂಡರ್ ನೆನಪಿಸ್ಕೊಳಿ. ಅದನ್ನ ಮಾಡ್ತಿದ್ದ ನ್ಯಾನ್ ಅನ್ನೋ ಕಂಪನಿ 2002ರಲ್ಲಿ ಮುಚ್ತು. ಬಳಸೋರೇ ಸೇರಿ ಏಳು ವಾರದಲ್ಲಿ 1,00,000 ಯೂರೋ ಒಟ್ಟು ಮಾಡಿ ಸೋರ್ಸ್ ಕೋಡ್ ಬಿಡಿಸ್ಕೊಂಡ್ರು, ಅಕ್ಟೋಬರಲ್ಲಿ ಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸ್ ಕೆಳಗೆ ಬಿಟ್ರು. ಇವತ್ತು ಅದು ಎಲ್ಲಿದೆ ನೋಡಿ. ಇನ್ನು ಆ ಕಂಪನಿ ಹೋದ್ರೂ ಬಂದ್ರೂ ಯಾರ ಫೈಲೂ ಸಾಯಲ್ಲ.

ರಾತ್ರಿಡೆಪ್ಲಾಯ್

ಪೆಂಗ್ವಿನ್‌ಪ್ರೀತಿ, ಓಪನ್ ಸೋರ್ಸ್ ಅಂದ ಮಾತ್ರಕ್ಕೆ ನೆಮ್ಮದಿ ಇಲ್ಲ ಗುರು. ಒಂದೇ ಕಂಪನಿ ಕೈಲಿ ಕಾಪಿರೈಟ್ ಎಲ್ಲಾ ಇದ್ರೆ ಅವ್ರು ನಾಳೆ ಲೈಸೆನ್ಸ್ ಬದಲಾಯಿಸ್ತಾರೆ. ಈ ಕಂಪನಿಗಳನ್ನೇ ನೋಡಿ, ಮೊಂಗೋಡಿಬಿ 2018ರಲ್ಲಿ, ಇಲಾಸ್ಟಿಕ್ 2021ರಲ್ಲಿ, ಹ್ಯಾಶಿಕಾರ್ಪ್ 2023ರ ಆಗಸ್ಟಲ್ಲಿ, ರೆಡಿಸ್ 2024ರ ಮಾರ್ಚಲ್ಲಿ. ಮಾಡಿದ್ದೆಲ್ಲಾ ಒಂದೇ, ಜನ ಸೇರಿ ಬೆಳೆಸಿದ್ದನ್ನ ಇನ್ಮೇಲೆ ಈ ಷರತ್ತಿನ ಮೇಲೆ ಮಾತ್ರ ಅಂದಿದ್ದು. ನಾನು ಹ್ಯಾಶಿಕಾರ್ಪ್‌ನ ಟೆರಾಫಾರ್ಮ್ ಅನ್ನೋ ಟೂಲಿಗೆ ಪ್ಯಾಚ್ ಬರೆದುಕೊಟ್ಟಿದ್ದೆ ಕಣ್ರೀ, ರಾತ್ರಿ ಕೂತು, ಪುಕ್ಕಟೆ. ಆಮೇಲೆ ಲೈಸೆನ್ಸ್ ಬದಲಾಯ್ತು ಅಂತ ಗೊತ್ತಾದಾಗ ಮನೆ ಬಾಡಿಗೆಗೆ ಕೊಟ್ಟೋರು ಬೀಗ ಬದಲಾಯಿಸಿದ ಹಾಗಾಯ್ತು.

ಪೆಂಗ್ವಿನ್‌ಪ್ರೀತಿ

ಆದ್ರೆ ಹಳೇ ಆವೃತ್ತಿ ನಿಮ್ಮ ಕೈಯಿಂದ ಕಿತ್ಕೊಳಕ್ಕಾಗಲಿಲ್ಲವಲ್ಲ? ಟೆರಾಫಾರ್ಮ್‌ನ ಹಳೇ ಕೋಡಿಂದಲೇ ಓಪನ್‌ಟೋಫು ಹುಟ್ತು, ರೆಡಿಸಿಂದ ವಾಲ್ಕಿ ಹುಟ್ತು, ಇಲಾಸ್ಟಿಕ್‌ಸರ್ಚಿಂದ ಓಪನ್‌ಸರ್ಚ್ ಹುಟ್ತು. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸಿನ ಆಯ್ಕೆ ಸೇರಿಸಿ ಅರ್ಧ ದಾರಿ ವಾಪಸ್ಸೂ ಬಂದ್ರು. ಗೆರೆಗಾರ ಅವ್ರಿಗೆ ಆ ದಾರಿನೇ ಇಲ್ಲ, ಅದು ವ್ಯತ್ಯಾಸ.

ಹೆಸ್ರು ಎಷ್ಟು ಬದಲಾದ್ರೂ ಉಳ್ಕೊಳ್ಳೋ ಮಾತು ಹೇಗಿರುತ್ತೆ ಅಂತ ನೋಡ್ಬೇಕಾದ್ರೆ ಕ್ಯೂಟಿ ನೋಡಿ, ಆ್ಯಪ್‌ನ ಕಿಟಕಿ ಬಟನ್ ಕಟ್ಟೋ ಲೈಬ್ರರಿ. 1998ರಲ್ಲಿ ಅದನ್ನ ಬಳಸ್ತಿದ್ದ ಕೆಡಿಇ ಅನ್ನೋ ಲಿನಕ್ಸ್ ಡೆಸ್ಕ್‌ಟಾಪ್‌ನೋರು ಅದರ ಕಂಪನಿ ಟ್ರೋಲ್‌ಟೆಕ್ ಜೊತೆ ಒಂದು ಫೌಂಡೇಶನ್ ಮಾಡಿ ಬರೆಸ್ಕೊಂಡ್ರು, ನೀವು ಕ್ಯೂಟಿಯ ಮುಕ್ತ ಆವೃತ್ತಿ ಬಿಡೋದು ನಿಲ್ಲಿಸಿದ್ರೆ ಹನ್ನೆರಡು ತಿಂಗಳಾದ್ಮೇಲೆ ನಾವೇ ಅದನ್ನ ಬಿಎಸ್‌ಡಿ ಥರದ ತುಂಬಾ ಸಡಿಲ ಲೈಸೆನ್ಸಲ್ಲಿ ಬಿಡಬಹುದು ಅಂತ. ಆಮೇಲೆ ಟ್ರೋಲ್‌ಟೆಕ್ ನೋಕಿಯಾಗೆ ಹೋಯ್ತು, ನೋಕಿಯಾಯಿಂದ ಡಿಜಿಯಾಗೆ, ಅಲ್ಲಿಂದ ಕ್ಯೂಟಿ ಕಂಪನಿ ಅಂತಾನೇ ಬೇರೆ ಆಯ್ತು. ನಾಲ್ಕು ಕೈ ದಾಟಿದ್ರೂ ಆ ಒಪ್ಪಂದ ಜೊತೇಲೇ ಬಂತು. ಯಾಕಂದ್ರೆ ಅದು ಕಂಪನಿ ಒಳ್ಳೇತನದ ಮೇಲೆ ನಿಂತಿರ್ಲಿಲ್ಲ, ಕಾಗದದ ಮೇಲಿತ್ತು.

ಜಾವಾಜೋಗಿ

ಸ್ವಲ್ಪ ವಿಷ್ಯ ಬಿಟ್ಟು ಹೋಗ್ತೀನಿ, ಆದ್ರೆ ಹೆಸ್ರು ಬದಲಾವಣೆ ಅಂದ್ರೆ ನಂಗೆ 2010ರ ಜುಲೈ ನೆನಪಾಗುತ್ತೆ. ಜಾವಾ ಭಾಷೆ ಮಾಡಿದ ಸನ್ ಕಂಪನೀನ ಒರಾಕಲ್ ಕೊಂಡಿತ್ತು. ಜಾವಾ 6ರ 21ನೇ ಅಪ್‌ಡೇಟಲ್ಲಿ ವಿಂಡೋಸ್ ಫೈಲಿನ ಒಳಗೆ ಕಂಪನಿ ಹೆಸ್ರಿರೋ ಜಾಗದಲ್ಲಿ ಸನ್ ತೆಗೆದು ಒರಾಕಲ್ ಅಂತ ಬರೆದ್ರು, ಅಷ್ಟೇ. ನಾವು ಕೋಡ್ ಬರೆಯೋ ಎಕ್ಲಿಪ್ಸ್ ಕುಸಿಯೋಕೆ ಶುರು. ಯಾಕಂದ್ರೆ ಎಕ್ಲಿಪ್ಸ್ ಆ ಹೆಸ್ರು ಓದಿ, ಓ ಇದು ಸನ್‌ನ ಜಾವಾ ಅಂತ ತಿಳ್ಕೊಂಡು ಮೆಮೊರಿಯ ಒಂದು ಸೆಟ್ಟಿಂಗ್ ಕೊಡ್ತಿತ್ತು. ಹೆಸ್ರು ಸಿಗ್ಲಿಲ್ಲ, ಸೆಟ್ಟಿಂಗ್ ಹೋಗ್ಲಿಲ್ಲ, ಮೆಮೊರಿ ಸಾಲದೆ ಸಾಯೋದು. ಕೊನೆಗೆ ಒರಾಕಲ್‌ನೋರು ಹಳೇ ಹೆಸ್ರೇ ಇಟ್ಟು ಅದೇ ಅಪ್‌ಡೇಟನ್ನ ಮತ್ತೆ ಬಿಟ್ರು. ನಾವು ಎರಡು ದಿನ ನಮ್ಮ ಕೋಡಲ್ಲೇ ತಪ್ಪಿದೆ ಅಂತ ಹುಡುಕಿದ್ವಿ.

ಒಂದು ಡೌಟೂ ಇದೆ. ನಾವು ಬಳಸೋ ಒಂದು ಲೈಬ್ರರಿ ಫೈಲುಗಳ ತಲೇಲಿ ಹಳೇ ಕಂಪನಿಯ ಕಾಪಿರೈಟ್ ಸಾಲು ಇದೆ, ಆ ಕಂಪನಿ ಈಗ ಬೇರೆ ಹೆಸ್ರಲ್ಲಿದೆ. ಆ ಸಾಲು ನಾವು ಬದಲಾಯಿಸ್ಬೇಕಾ?

ಪೆಂಗ್ವಿನ್‌ಪ್ರೀತಿ

ಮುಟ್ಟಬೇಡಿ. ಎಂಐಟಿ, ಬಿಎಸ್‌ಡಿ, ಜಿಪಿಎಲ್ ಲೈಸೆನ್ಸ್ ಎಲ್ಲದರಲ್ಲೂ ಕಾಪಿರೈಟ್ ಸಾಲು ಹಾಗೇ ಉಳಿಸ್ಬೇಕು ಅಂತಿದೆ. ಬದಲಾಯಿಸೋ ಹಕ್ಕು ಆ ಸಾಲಿನ ಒಡೆಯರಿಗೆ ಮಾತ್ರ. ನೀವು ತಿದ್ದಿದ್ರೆ ನಿಮ್ಮ ಹೆಸ್ರಿನ ಸಾಲು ಕೆಳಗೆ ಬೇರೆ ಸೇರ್ಸಿ.

ಹಳೇಫ್ಲಾಪಿ

ಹೆಸ್ರಿನ ಹಿಂದೆ ಹಕ್ಕಿದೆ ಅಂತ ನಂಬಿಸಿ ಆಟ ಆಡಿದ್ದೂ ಉಂಟು. ಸಾಂತಾ ಕ್ರೂಜ್ ಆಪರೇಶನ್, ಎಸ್‌ಸಿಒ ಅಂತ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಮಾರ್ತಿದ್ದೋರು, ಆ ವ್ಯಾಪಾರಾನ ಕ್ಯಾಲ್ಡೆರಾ ಅನ್ನೋ ಲಿನಕ್ಸ್ ಕಂಪನಿಗೆ ಮಾರಿ ಟರಾಂಟೆಲ್ಲಾ ಅಂತ ಹೆಸ್ರಿಟ್ಕೊಂಡ್ರು. ಕ್ಯಾಲ್ಡೆರಾ 2002ರಲ್ಲಿ ಹಳೇ ಹೆಸ್ರು ಎತ್ಕೊಂಡು ಎಸ್‌ಸಿಒ ಗ್ರೂಪ್ ಆಯ್ತು, 2003ರ ಮಾರ್ಚಲ್ಲಿ ಐಬಿಎಂ ಮೇಲೆ ಕೇಸ್ ಹಾಕ್ತು. ಆಮೇಲೆ ಲಿನಕ್ಸಲ್ಲಿ ನಮ್ಮ ಕೋಡಿದೆ, ಬಳಸೋರೆಲ್ಲಾ ನಮಗೆ ಲೈಸೆನ್ಸ್ ದುಡ್ಡು ಕೊಡಿ ಅಂತ ಶುರು ಮಾಡಿದ್ರು. ನಾವೆಲ್ಲಾ ಹೆದರಿದ್ವಿ ಆಗ, ಸುಳ್ಳಲ್ಲ. ಕೊನೆಗೆ 2010ರಲ್ಲಿ ಜ್ಯೂರಿ ಹೇಳಿದ್ದು, ಯುನಿಕ್ಸ್ ಕಾಪಿರೈಟ್ ಅದರ ಹಿಂದಿನ ಒಡೆಯ ನೋವೆಲ್‌ನಿಂದ ಇವ್ರಿಗೆ ಬಂದೇ ಇಲ್ಲ ಅಂತ. ಅಷ್ಟು ವರ್ಷ ಬೇರೆಯವ್ರನ್ನ ಕಳ್ಳರು ಅಂದೋರ ಕೈಲಿ ಆ ಹಕ್ಕೇ ಇರ್ಲಿಲ್ಲ.

ಅದಕ್ಕೇ ಲೆಕ್ಕದಪುಸ್ತಕ ಅವ್ರು ಹೇಳಿದ್ದು ಮುಖ್ಯ. ಹೆಸ್ರು ನೋಡಬೇಡಿ, ಯಾವ ಕಾಗದದಲ್ಲಿ ಏನು ಕೈ ಬದಲಾಯ್ತು ನೋಡಿ.

ಲೆಕ್ಕದಪುಸ್ತಕ

ಬೀಗ ಒಡೆಯೋ ವಿಷ್ಯಕ್ಕೂ ಒಂದು ಮಾತು ಸೇರಿಸ್ತೀನಿ. ಅಮೆರಿಕದ ಡಿಎಂಸಿಎ ಅನ್ನೋ ಕಾಪಿರೈಟ್ ಕಾನೂನು 1998ರದು, ಅದರಲ್ಲಿ ನಕಲು ಮಾಡೋದು ಬೇರೆ ತಪ್ಪು, ಬೀಗ ಒಡೆಯೋದೇ ಬೇರೆ ತಪ್ಪು. ನಿಮ್ಮದೇ ವಸ್ತುವಿನ ಬೀಗ ಆದ್ರೂ ಅಷ್ಟೇ. ಆದ್ರೆ ಅಲ್ಲೂ 2003ರಲ್ಲಿ ಕೆಟ್ಟುಹೋಗಿ, ಬದಲಿ ಸಿಗದ ಹಳೇ ಡಾಂಗಲ್‌ಗಳಿಗೆ, ಅಂದ್ರೆ ಕಂಪ್ಯೂಟರಿಗೆ ಸಿಕ್ಕಿಸೋ ಬೀಗದ ಕೀಗಳಿಗೆ, ವಿನಾಯ್ತಿ ಕೊಟ್ರು. ಯುರೋಪಲ್ಲಿ 2021ರ ಅಕ್ಟೋಬರಲ್ಲಿ ಟಾಪ್ ಸಿಸ್ಟಮ್ ಕೇಸಲ್ಲಿ, ನ್ಯಾಯವಾಗಿ ಕೊಂಡವನು ದೋಷ ಸರಿಮಾಡ್ಕೊಳಕ್ಕೆ ಪ್ರೋಗ್ರಾಮನ್ನ ಬಿಚ್ಚಿ ನೋಡಬಹುದು, ಕೆಲಸಕ್ಕೆ ಅಡ್ಡ ಬರ್ತಿರೋ ಭಾಗ ನಿಲ್ಲಿಸಬಹುದು ಅಂತ ಒಪ್ಪಿದ್ರು. ಕರಾರಲ್ಲಿ ಏನಿದೆ ಅದನ್ನ ಪಾಲಿಸಿ ಅಂತಾನೂ ಹೇಳಿದ್ರು. ಅಂದ್ರೆ ಗೆರೆಗಾರ ಅವ್ರ ಪ್ರಶ್ನೆ ಕೋರ್ಟಿಗೂ ಹೊಸದಲ್ಲ.

ಒಂಟಿಕೋಡರ್

ರಾತ್ರಿ ಎಲ್ಲಾ ಓದಿದೆ. ನಾನೂ ಒಂದು ಒಪ್ಕೋಬೇಕು. ನಾನು ಅಂಗಡಿ ಮುಚ್ಚಿದಾಗ ನನ್ನ ಲೈಸೆನ್ಸ್ ಸರ್ವರೂ ಮುಚ್ಚಿದೆ. ದುಡ್ಡು ಕೊಟ್ಟಿದ್ದ ಜನ ಏನಾದ್ರು ಅಂತ ಯೋಚ್ನೆ ಮಾಡ್ಲೇ ಇಲ್ಲ, ಆಗ ಬರೀ ಕದ್ದೋರ ಮೇಲಿನ ಸಿಟ್ಟಿತ್ತು. ಸೋರ್ಸ್ ನನ್ನ ಹಳೇ ಡಿಸ್ಕಲ್ಲಿ ಇದೆ. ಈ ವಾರ ಕೂತು ಚೆಕ್ ಮಾಡೋ ಭಾಗ ತೆಗೆದು ಒಂದು ಕೊನೇ ಬಿಲ್ಡ್ ಮಾಡಿ, ಕೊಂಡವ್ರ ಮೇಲ್ ವಿಳಾಸಕ್ಕೆಲ್ಲಾ ಕಳಿಸ್ತೀನಿ. ಕದ್ದೋರಿಗೂ ಅದು ಸಿಗುತ್ತೆ, ಸಿಗ್ಲಿ. ದುಡ್ಡು ಕೊಟ್ಟೋರನ್ನ ಅವ್ರ ಸಲುವಾಗಿ ಬಾಗಿಲಾಚೆ ನಿಲ್ಸೋದು ಬೇಡ.

ಅಕ್ಷರಪ್ರಿಯೆ

ಒಂಟಿಕೋಡರ್, ಇದನ್ನ ಓದಿ ತುಂಬಾ ಖುಷಿ ಆಯ್ತು.

ನೆಟ್‌ವರ್ಕ್‌ಗೆಳತಿ

ಗೆರೆಗಾರ ಸಾರ್, ಸತ್ತ ಡಿಸ್ಕಿನ ಪೂರ್ತಿ ಇಮೇಜ್ ಏನಾದ್ರೂ ತೆಗೆದಿಟ್ಟಿದ್ರಾ ಯಾವತ್ತಾದ್ರೂ? ಬರೀ ಫೈಲ್ ಅಲ್ಲ, ಇಡೀ ಡಿಸ್ಕಿಂದು. ಆಕ್ಟಿವೇಟ್ ಆಗಿದ್ದ ಸ್ಥಿತೀಲೇ ಸಿಕ್ರೆ ಯಾವ ಬೀಗನೂ ಒಡೆಯೋದು ಬೇಡ.

ಗೆರೆಗಾರ

ನಾಲ್ಕು ದಿನ ಬಿಟ್ಟು ಬಂದೆ, ಕ್ಷಮಿಸಿ. ಇತ್ತು ಮೇಡಂ! ಹೋದ ವರ್ಷ ತೆಗೆದ ಇಮೇಜು ಒಂದು ಹೊರಗಿನ ಡಿಸ್ಕಲ್ಲಿ ಮಲಗಿತ್ತು, ನಾನೇ ಮರ್ತಿದ್ದೆ. ಅದೇ ಕಂಪ್ಯೂಟರಿಗೆ ವಾಪಸ್ ಇಳಿಸಿದೆ, ಡಿಸ್ಕ್ ಒಂದೇ ಬದಲಾಗಿದ್ದಕ್ಕೆ ಸಾಫ್ಟ್‌ವೇರು ಏನೂ ತಕರಾರು ಮಾಡ್ಲಿಲ್ಲ, ತೆರ್ಕೊಳ್ತು. ಮೊದಲ ಡ್ರಾಯಿಂಗ್ ಕಾಣಿಸಿದಾಗ ಕಣ್ಣಲ್ಲಿ ನೀರು ಬಂತು ನಿಜವಾಗ್ಲೂ. ನೆಟ್ ಕೇಬಲ್ ಕಿತ್ತು ಇಟ್ಟಿದೀನಿ, ಅದಿನ್ನು ಹೊರಗೆ ಮಾತಾಡೋದು ಬೇಡ.

ಲೀಗಲ್ ವಿಭಾಗಕ್ಕೂ ಬರ್ದಿದೀನಿ, ರಸೀದಿ ಡಬ್ಬ ಎಲ್ಲಾ ಸ್ಕ್ಯಾನ್ ಹಾಕಿ. ಉತ್ತರ ಬಂದಿಲ್ಲ. ಬರ್ಲಿ ಬಿಡ್ಲಿ, ನಾನೂರು ಫೈಲನ್ನೂ ಒಂದೊಂದಾಗಿ ಎಸ್‌ವಿಜಿ ಅನ್ನೋ ಮುಕ್ತ ಚಿತ್ರ ಫಾರ್ಮ್ಯಾಟಿಗೆ ಎಕ್ಸ್‌ಪೋರ್ಟ್ ಮಾಡ್ತಿದೀನಿ, ಅರವತ್ತು ಮುಗೀತು. ಒಂದೇ ತೊಂದ್ರೆ, ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ತೆರೆದ್ರೆ ಲೇಯರ್‌ಗಳೇ ಕಾಣ್ತಿಲ್ಲ, ಯಾರಿಗಾದ್ರೂ ಗೊತ್ತಾ?

ಪೆಂಗ್ವಿನ್‌ಪ್ರೀತಿ

ಲೇಯರ್ ಹೋಗಿಲ್ಲ, ಗುಂಪಾಗಿ ಕೂತಿದೆ. ಎಸ್‌ವಿಜಿಗೆ ಲೇಯರ್ ಅಂತ ಬೇರೆ ಇಲ್ಲ, ಎಲ್ಲಾ ಗ್ರೂಪೇ. ಇಂಕ್‌ಸ್ಕೇಪಲ್ಲಿ ಮೇಲ್ಮಟ್ಟದ ಗ್ರೂಪುಗಳನ್ನ ಲೇಯರಾಗಿ ಬದಲಾಯಿಸ್ಬಹುದು. ಅಕ್ಷರ ಇದ್ರೆ ಎಕ್ಸ್‌ಪೋರ್ಟಿಗೆ ಮುಂಚೆ ಒಂದು ಪ್ರತೀಲಿ ಪಾತ್, ಅಂದ್ರೆ ಬರೀ ಗೆರೆ, ಮಾಡ್ಕೊಳಿ, ಇನ್ನೊಂದು ಪ್ರತಿ ಅಕ್ಷರವಾಗೇ ಇರ್ಲಿ, ಫಾಂಟ್ ಫೈಲೂ ಜೊತೇಲಿಡಿ.

ಗೆರೆಗಾರ

ಬಂತು! ಎಲ್ಲಾ ಲೇಯರೂ ಇದೆ. ಇನ್ನು ಮುನ್ನೂರ ನಲ್ವತ್ತು.